ಮೇಣದಬತ್ತಿಯ ಹಾಡಿಗೆ ಟಿವಿ ಬೇಡವೇ? (ಸಂಪಾದಕರ ಉತ್ತರ)

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿತ್ತು, ಅದರಲ್ಲಿ ಕೋಪವೂ ಇತ್ತು. ಎರಡಕ್ಕೂ ಸಂತೋಷ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಮಂಗಳೂರಿನವರಾದ ನೀವು ಈಗ ಮೆಲ್ಬರ್ನ್‌ನಲ್ಲಿದ್ದೀರಿ. ಪ್ರತಿ ಡಿಸೆಂಬರ್ 24ರ ರಾತ್ರಿ ಅಲ್ಲಿನ ಬಯಲು ರಂಗಮಂದಿರ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್‌ನಲ್ಲಿ ನಡೆಯುವ, ಜನರೆಲ್ಲ ಮೇಣದಬತ್ತಿ ಹಿಡಿದು ಕ್ರಿಸ್ಮಸ್ ಹಾಡು ಹಾಡುವ ‘ಕ್ಯಾರಲ್ಸ್ ಬೈ ಕ್ಯಾಂಡಲ್‌ಲೈಟ್’ ಬಗ್ಗೆ ನಾವು ಬರೆದ ಲೇಖನ ನಿಮಗೆ ಸರಿಬಂದಿಲ್ಲ. “ಅದು ಈಗ ಭಕ್ತಿಯ ಹಾಡಲ್ಲ, ಟಿವಿ ಕಾರ್ಯಕ್ರಮ. ಟಿವಿ ತಾರೆಯರು, ಮಧ್ಯೆ ಮಧ್ಯೆ ಜಾಹೀರಾತು, ಎಲ್ಲೆಲ್ಲೂ ಕ್ಯಾಮೆರಾ. ಬಯಲಿನ ಹಾಡು ಬಯಲಲ್ಲೇ ಇರಲಿ, ಟಿವಿಯವರನ್ನ ಆಚೆ ಕಳಿಸಿದರೆ ಎಲ್ಲ ಸರಿಹೋಗುತ್ತೆ” ಅಂತ ಬರೆದಿದ್ದೀರಿ. ಇನ್ನೊಂದು ಪ್ರಶ್ನೆಯೂ ಇದೆ. ಕಣ್ಣು ಕಾಣದ ಮಕ್ಕಳಿಗೋಸ್ಕರ ದುಡ್ಡು ಎತ್ತುವ ಕಾರ್ಯಕ್ರಮಕ್ಕೆ ಇಷ್ಟೊಂದು ದೀಪ, ಇಷ್ಟೊಂದು ಬಣ್ಣ ಯಾಕೆ? ಕೊನೆಯಲ್ಲಿ ನಿಮ್ಮ ಅಮ್ಮನ ವಿಷಯ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಾತು ಮೊದಲೇ ಹೇಳಿಬಿಡ್ತೇನೆ. ಟಿವಿಯನ್ನು ಆಚೆ ಕಳಿಸಬಾರದು. ಯಾಕೆಂದರೆ ಈ ಹಾಡುಗಾರಿಕೆ ಹುಟ್ಟಿದ್ದೇ ಮನೆಯಲ್ಲಿ ಒಬ್ಬರೇ ಕೂತಿದ್ದವರಿಂದ. ಬಯಲು ಬಂದದ್ದು ಆಮೇಲೆ.

1937ರ ಕ್ರಿಸ್ಮಸ್ ಹಿಂದಿನ ರಾತ್ರಿಯ ಕಥೆ ಇದು. ನಾರ್ಮನ್ ಬ್ಯಾಂಕ್ಸ್ ಅನ್ನುವವರು ಮೆಲ್ಬರ್ನ್‌ನ 3ಕೆಝಡ್ ರೇಡಿಯೋದಲ್ಲಿ ಉದ್ಘೋಷಕರಾಗಿದ್ದರು. ಆವತ್ತು ಕೆಲಸ ಮುಗಿಸಿ ಸೇಂಟ್ ಕಿಲ್ಡಾ ರಸ್ತೆಯಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಿದ್ದಾಗ ಒಂದು ಕಿಟಕಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಂಡರು. ಹಾಸಿಗೆಯಲ್ಲಿ ಎದ್ದು ಕೂತಿದ್ದರು, ಪಕ್ಕದಲ್ಲಿ ಒಂದು ಮೇಣದಬತ್ತಿ. ರೇಡಿಯೋದಲ್ಲಿ ಗೋದಲಿಯ ಕೂಸಿನ ಹಾಡು ಬರುತ್ತಿತ್ತು, ಅವರೂ ಅದರ ಜೊತೆ ಹಾಡುತ್ತಿದ್ದರು. ಹೀಗೆ ಒಬ್ಬೊಬ್ಬರೇ ಕ್ರಿಸ್ಮಸ್ ಕಳೆಯುವವರು ಈ ಊರಲ್ಲಿ ಇನ್ನೆಷ್ಟು ಜನ ಇರಬಹುದು ಅನ್ನೋ ಯೋಚನೆ ಬ್ಯಾಂಕ್ಸ್ ಅವರನ್ನು ಬಿಡಲಿಲ್ಲ.

ಮಾರನೇ ವರ್ಷ, 1938ರಲ್ಲಿ, ಯಾರಾ ನದಿಯ ದಂಡೆಯ ಅಲೆಕ್ಸಾಂಡ್ರಾ ಗಾರ್ಡನ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹಾಡೋಣ ಬನ್ನಿ ಅಂತ ಕರೆದರು. ಮೂವತ್ತು ಜನರ ಗಾಯಕರ ತಂಡ, ಇಬ್ಬರು ಮುಖ್ಯ ಗಾಯಕರು, ಅಗ್ನಿಶಾಮಕ ದಳದ ಬ್ಯಾಂಡು, ಇಷ್ಟೇ ಸಿದ್ಧತೆ. ಮಧ್ಯರಾತ್ರಿಗೆ ಸುಮಾರು 10,000 ಜನ ಬಂದರು.

ಆ ಕಾಲದಲ್ಲಿ ರೇಡಿಯೋ ಅಂದರೆ ಏನು ಅನ್ನೋದನ್ನ ನಾವು ಈಗ ಊಹಿಸಿಕೊಳ್ಳಬೇಕು. ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದು 1935ರಲ್ಲಿ. ಮನೆಯೊಳಗೆ ಒಬ್ಬರೇ ಇರುವವರ ಹತ್ತಿರ ಊರಿನ ದನಿ ಹೋಗಬಹುದು ಅನ್ನೋದೇ ದೊಡ್ಡ ಸಂಗತಿ ಆಗ. ಬ್ಯಾಂಕ್ಸ್ ಆ ಕೆಲಸವನ್ನೇ ಮಾಡುತ್ತಿದ್ದವರು. ಹಾಗಾಗಿ ಪ್ರಸಾರ ಅನ್ನೋದು ಈ ಕಾರ್ಯಕ್ರಮಕ್ಕೆ ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಇದರ ಬುಡವೇ ಅದು.

ಬೌಲ್ ಬಂದದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಅದರ ಕಥೆ ಕೂಡ ನಿಮ್ಮ ಹಾಗೆ ಊರು ಬಿಟ್ಟು ಹೋದವರೊಬ್ಬರದು, ಅದಕ್ಕೇ ಹೇಳುತ್ತಿದ್ದೇನೆ. ಸಿಡ್ನಿ ಮೈಯರ್ ರಷ್ಯಾ ಸಾಮ್ರಾಜ್ಯದಿಂದ 1899ರಲ್ಲಿ ಮೆಲ್ಬರ್ನ್‌ಗೆ ಬಂದಿಳಿದ ಯಹೂದಿ ಹುಡುಗ. ಕೈಯಲ್ಲಿ ಹೆಚ್ಚು ಕಾಸಿರಲಿಲ್ಲ. ಊರೂರು ತಿರುಗಿ ಸಾಮಾನು ಮಾರಿ, ಅಂಗಡಿ ಹಾಕಿ, ಕೊನೆಗೆ ಇಡೀ ದೇಶಕ್ಕೆ ಗೊತ್ತಿರುವ ದೊಡ್ಡ ಮಳಿಗೆ ಕಟ್ಟಿದರು. 1929ರಲ್ಲಿ ಜನರಿಗೆ ಬಿಟ್ಟಿಯಾಗಿ ಬಯಲು ಸಂಗೀತ ಕಛೇರಿ ಏರ್ಪಡಿಸಿದರು. 1934ರಲ್ಲಿ ತೀರಿಕೊಂಡರು. ಅವರ ಹೆಸರಿನ ನಿಧಿಯಿಂದ ಕಟ್ಟಿದ ಬೌಲನ್ನು 1959ರಲ್ಲಿ ಪ್ರಧಾನಿ ರಾಬರ್ಟ್ ಮೆಂಜಿಸ್ ಉದ್ಘಾಟಿಸಿದರು. ಅದೇ ವರ್ಷ ಕ್ರಿಸ್ಮಸ್ ಹಾಡುಗಳೂ ಅಲ್ಲಿಗೆ ಬಂದವು. ವೇದಿಕೆಯ ಮೇಲೆ ಉಕ್ಕಿನ ಹಗ್ಗಗಳಿಗೆ ತೂಗಿಬಿಟ್ಟ ಬೆಳ್ಳಿ ಬಣ್ಣದ ಚಪ್ಪರ, ಅದರ ಮುಂದೆ ಒಂದಷ್ಟು ಕುರ್ಚಿ, ಹಿಂದೆ ಹುಲ್ಲಿನ ಇಳಿಜಾರು. ಅಲ್ಲಿ ಚಾಪೆ ಹಾಸಿಕೊಂಡು ಕೂತರೆ ಕೋಟೆ ಗೋಡೆಯ ಹಿಂದೆ ಇದ್ದೀವಿ ಅನ್ನಿಸಲ್ಲ, ನೀವೇ ನೋಡಿದ್ದೀರಲ್ಲ.

ಈಗ ಟಿವಿ. 1979ರಿಂದ ನೈನ್ ಚಾನೆಲ್ ಇದನ್ನು ದೇಶಕ್ಕೆಲ್ಲ ತೋರಿಸುತ್ತಿದೆ. ಬೌಲ್‌ನಲ್ಲಿ ಹಿಡಿಸುವ ಜನ ಹೆಚ್ಚೆಂದರೆ ಹನ್ನೆರಡು ಹದಿಮೂರು ಸಾವಿರ. ಬಾಕಿಯವರು? ಆಸ್ಟ್ರೇಲಿಯಾ ಎಷ್ಟು ಅಗಲದ ದೇಶ ಅನ್ನೋದು ಅಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಪಕ್ಕದ ಮನೆಗೆ ಹೋಗೋಕೂ ಕಾರು ಹತ್ತಬೇಕಾದ ಕುರಿ ಸಾಕಣೆಯವರು, ಆವತ್ತು ರಾತ್ರಿ ಪಾಳಿಯಲ್ಲಿರುವ ನರ್ಸುಗಳು, ವೃದ್ಧಾಶ್ರಮದ ಹಾಲ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತವರು, ಕುಟುಂಬವನ್ನು ಊರಲ್ಲೇ ಬಿಟ್ಟು ಓದೋಕೆ ಬಂದು ಬಾಡಿಗೆ ಕೋಣೆಯಲ್ಲಿರುವ ನಮ್ಮ ಹುಡುಗ ಹುಡುಗಿಯರು, ಇವರೆಲ್ಲ ಬೌಲ್‌ಗೆ ಬರೋಕಾಗಲ್ಲ. ಬ್ಯಾಂಕ್ಸ್ ಕಿಟಕಿಯಲ್ಲಿ ಕಂಡ ಆ ಹೆಂಗಸು ಈಗ ಇದ್ದಿದ್ದರೆ ಅವರ ಮುಂದೆ ಇರುತ್ತಿದ್ದದ್ದು ಟಿವಿಯೇ, ಅಲ್ವಾ?

2020 ನೆನಪಿದೆಯಲ್ಲ. ಮೆಲ್ಬರ್ನ್ ಜನ ನೂರು ದಿನಕ್ಕೂ ಮೀರಿ ಲಾಕ್‌ಡೌನ್‌ನಲ್ಲಿದ್ದು ಆಗಷ್ಟೇ ಹೊರಗೆ ಬಂದಿದ್ದರು. ಆ ಡಿಸೆಂಬರ್‌ನಲ್ಲಿ ಬೌಲ್‌ನ ಹುಲ್ಲಿನ ಮೇಲೆ ಪ್ರೇಕ್ಷಕರೇ ಇರಲಿಲ್ಲ, ಹಾಡು ಮಾತ್ರ ಮನೆಮನೆಗೆ ಹೋಯಿತು. ಪ್ರಸಾರ ಇಲ್ಲದೇ ಹೋಗಿದ್ದರೆ ವರ್ಷ ವರ್ಷ ನಡೆದುಬಂದ ಸಾಲು ಆ ವರ್ಷ ಅಲ್ಲಿಗೇ ಕಡಿದುಹೋಗುತ್ತಿತ್ತು.

ಹಾಗಂತ ನಿಮ್ಮ ದೂರಲ್ಲಿ ಹುರುಳಿಲ್ಲ ಅಂತಲ್ಲ. ಒಂದು ವಿಷಯದಲ್ಲಿ ನಿಮಗಿಂತ ನಾನೇ ಜಾಸ್ತಿ ಕೋಪ ಮಾಡಿಕೊಳ್ಳುತ್ತೇನೆ. ಇದು ಜನ ಹಾಡುವ ಕಾರ್ಯಕ್ರಮ. ಜನ ಕೇಳುವ ಕಾರ್ಯಕ್ರಮ ಅಲ್ಲ. ಟಿವಿಯಲ್ಲಿ ನೋಡುವಾಗ ವೇದಿಕೆಯ ಮೇಲಿನ ಗಾಯಕರ ದನಿ ಗಾಜಿನಷ್ಟು ಸ್ಪಷ್ಟವಾಗಿ ಬರುತ್ತೆ, ಹುಲ್ಲಿನ ಮೇಲೆ ಕೂತ ಸಾವಿರಾರು ಜನರ ದನಿ ಮಾತ್ರ ಎಲ್ಲೋ ದೂರದಲ್ಲಿ. ಮನೆಯಲ್ಲಿ ಒಬ್ಬರೇ ಇರುವವರಿಗೆ ಬೇಕಾಗಿರೋದು ಆ ಎರಡನೇ ದನಿ. ತಪ್ಪು ಸ್ವರ, ಮಗುವಿನ ಅಳು, ಅರ್ಧ ಮರೆತ ಸಾಲು, ಎಲ್ಲ ಇರುವ ದನಿ. ಅದು ಕಿವಿ ತುಂಬಾ ಕೇಳಿಸಿದರೆ ಮನೆಯಲ್ಲಿರೋರೂ ಬಾಯಿ ತೆರೀತಾರೆ. ಒಬ್ಬರೇ ಗಾಯಕಿ ಎತ್ತರದ ಸ್ವರ ಹಿಡಿದಾಗ ನಾವು ಬೆರಗಾಗಿ ಸುಮ್ಮನಾಗುತ್ತೇವೆ, ಅದೂ ಬೇಕು, ಆದರೆ ಇಡೀ ಸಂಜೆ ಹಾಗೇ ಆಗಬಾರದು.

ಕಾರ್ಯಕ್ರಮ ಶುರುವಾಗೋ ಹೊತ್ತಿಗೆ ಇನ್ನೂ ಬೆಳಕಿರುತ್ತೆ. ಅಲ್ಲಿ ಡಿಸೆಂಬರ್ ನಡುಬೇಸಿಗೆ, ಸೂರ್ಯ ಮುಳುಗೋದೇ ಎಂಟೂವರೆ ದಾಟಿದ ಮೇಲೆ. ಮೊದಮೊದಲು ಕೈಯಲ್ಲಿರುವ ಬತ್ತಿ ಮಂಕಾಗಿ ಕಾಣುತ್ತೆ. ಒಂಬತ್ತು ಗಂಟೆ ಆದಮೇಲೆ, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ, ಇಳಿಜಾರು ಪೂರ್ತಿ ಚುಕ್ಕಿ ಚುಕ್ಕಿಯಾಗಿ ಮೇಲೇಳುತ್ತೆ. ಆ ಹೊತ್ತಿನಲ್ಲಿ ನಿರೂಪಕರು ಮಾತಾಡದೆ ಕ್ಯಾಮೆರಾ ಬರೀ ಜನರನ್ನ ತೋರಿಸಿದರೆ ಸಾಕು. ಜಾಹೀರಾತು ಬೇಕೇ ಬೇಕು ಅಂತಾದರೆ ಬೆಳಕಿರುವಾಗಲೇ ಜಾಸ್ತಿ ಹಾಕಿಕೊಳ್ಳಲಿ.

ಹಿಮ, ಜಾರುಬಂಡಿ, ಚಳಿಗಾಲದ ಹಾಡುಗಳೇ ಯಾಕೆ ಅಂತಲೂ ಕೇಳಿದ್ದೀರಿ. ಆ ನೆಲದ್ದೇ ಹಾಡುಗಳು ಇವೆ. 1948ರಲ್ಲಿ ವಿಲಿಯಂ ಜಿ. ಜೇಮ್ಸ್ ಅವರು ಜಾನ್ ವೀಲರ್ ಬರೆದ ಸಾಲುಗಳಿಗೆ ರಾಗ ಹಾಕಿ ಪ್ರಕಟಿಸಿದರು. ಅವುಗಳಲ್ಲಿ ದನ ಹೊಡೆದುಕೊಂಡು ಹೋಗುವವರಿದ್ದಾರೆ, ಕುಣಿಯುವ ಬ್ರೋಲ್ಗಾ ಕೊಕ್ಕರೆಗಳಿವೆ, ಸುಡುವ ಬಯಲಿದೆ. ಜೇಮ್ಸ್ ಕೂಡ ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆಯಾದ ಎಬಿಸಿಯ ರೇಡಿಯೋದಲ್ಲಿ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದವರು. ಅವರ ಹಾಡುಗಳಿಗೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಅನ್ನೋದು ನನ್ನ ಆಸೆ.

ಕಣ್ಣು ಕಾಣದವರ ವಿಷಯ. ಈ ದುಡ್ಡು ವಿಷನ್ ಆಸ್ಟ್ರೇಲಿಯಾ ಸಂಸ್ಥೆಗೆ ಹೋಗುತ್ತೆ. 2004ರಲ್ಲಿ ಹಲವು ಸಂಸ್ಥೆಗಳು ಸೇರಿ ಅದಾಯಿತು, ಅದಕ್ಕೂ ಮೊದಲು ವಿಕ್ಟೋರಿಯಾ ರಾಜ್ಯದ ಅಂಧರ ಸಂಸ್ಥೆಗೆ ಹೋಗುತ್ತಿತ್ತು. ಮಕ್ಕಳಿಗೆ ಬೆರಳಲ್ಲಿ ಬ್ರೈಲ್ ಓದಿಸುವುದು, ಬಿಳಿ ಕೋಲು ಹಿಡಿದು ರಸ್ತೆ ದಾಟೋದು ಕಲಿಸುವುದು, ಮಗುವಿಗೆ ಕಣ್ಣು ಕಾಣಲ್ಲ ಅಂತ ಆಗಷ್ಟೇ ಗೊತ್ತಾದ ತಾಯಿ ತಂದೆಗೆ ದಾರಿ ತೋರಿಸುವುದು, ಇಂಥ ಕೆಲಸಗಳು. ವೇದಿಕೆಯ ಅಲಂಕಾರ ಆ ಮಕ್ಕಳಿಗೆ ಕಾಣಲ್ಲ, ನಿಜ. ಆದರೆ ಅದಕ್ಕೆ ದೀಪ ಆರಿಸೋದು ಉತ್ತರ ಅಲ್ಲ. ವೇದಿಕೆಯಲ್ಲಿ ಯಾರು ಬಂದರು, ಏನು ಉಟ್ಟಿದ್ದಾರೆ, ಜನ ಯಾಕೆ ನಕ್ಕರು ಅನ್ನೋದನ್ನ ನಿರೂಪಕರು ಬಾಯಲ್ಲಿ ಹೇಳಬೇಕು. ಹಳೇ ರೇಡಿಯೋದವರಿಗೆ ಅದು ನಾಲಿಗೆ ಮೇಲೇ ಇರುತ್ತಿತ್ತು. ಟಿವಿಯವರು ಬ್ಯಾಂಕ್ಸ್‌ರಿಂದ ಕಲಿಯಬೇಕಾದದ್ದು ಇದನ್ನ.

ಇನ್ನು ನಿಮ್ಮ ಅಮ್ಮ. ಮುಂದಿನ ಡಿಸೆಂಬರ್‌ಗೆ ಬರುತ್ತಿದ್ದಾರೆ, ಗ್ಲಾಕೋಮಾದಿಂದ ಅರ್ಧ ದೃಷ್ಟಿ ಹೋಗಿದೆ, ಚರ್ಚಿನಲ್ಲಿ ಎಷ್ಟೋ ವರ್ಷ ಹಾಡಿದವರು, ಬೌಲ್‌ಗೆ ಕರೆದುಕೊಂಡು ಹೋಗಲೋ ಬೇಡವೋ ಅಂದಿದ್ದೀರಿ. ಕತ್ತಲಲ್ಲಿ ಇಳಿಜಾರು ಹತ್ತಿಸಿ ಇಳಿಸೋದು ಅವರಿಗೆ ಕಷ್ಟ ಅನ್ನಿಸಿದರೆ ಬೇಡ. ನಿಮ್ಮ ಬಡಾವಣೆಯ ಕೌನ್ಸಿಲ್‌ನವರು ಪಾರ್ಕಿನಲ್ಲಿ ಏರ್ಪಡಿಸುವ ಕ್ಯಾರಲ್ಸ್ ಇರುತ್ತೆ, ಕ್ರಿಸ್ಮಸ್‌ಗೆ ಒಂದೆರಡು ವಾರ ಮುಂಚೆ, ಹೆಚ್ಚಿನ ಕಡೆ ಟಿಕೆಟ್ಟೂ ಇಲ್ಲ. ಅಲ್ಲಿಗೆ ಕರೆದುಕೊಂಡು ಹೋಗಿ. ನೀವು ಬಯಸುವ ಬಯಲು ಹಾಡು ಅಲ್ಲಿ ಸಿಗುತ್ತೆ, ಅಮ್ಮನಿಗೂ ಸುತ್ತ ಹಾಡೋರ ದನಿ ಹತ್ತಿರದಿಂದ ಕೇಳುತ್ತೆ. 24ರ ರಾತ್ರಿ ಮನೆಯಲ್ಲೇ ಟಿವಿ ಹಾಕಿ. ನಿರೂಪಕರು ಹೇಳದೇ ಬಿಟ್ಟದ್ದನ್ನ ಪಕ್ಕದಲ್ಲಿ ಕೂತು ನೀವು ಹೇಳಿ, ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆ ಕೈಗೆಟುಕುವ ಹಾಗೆ ಇಡಿ, ಅವರು ಹಾಡೋಕೆ ಶುರು ಮಾಡಿದರೆ ವಾಲ್ಯೂಮ್ ಸ್ವಲ್ಪ ತಗ್ಗಿಸಿ. ಪಾರ್ಕಿಗೆ ಹೋಗುವಾಗ ಮಡಚುವ ಕುರ್ಚಿ ಮರೆಯಬೇಡಿ. ಸ್ವೆಟರೂ ಇರಲಿ, ಮೆಲ್ಬರ್ನ್‌ನಲ್ಲಿ ಬೇಸಿಗೆಯಾದರೂ ಬಿಸಿಲಿಳಿದ ಮೇಲೆ ಥಟ್ಟನೆ ಚಳಿ ಹಿಡಿಯುತ್ತೆ.

ಸಂಪಾದಕ