ಮಿಸ್ಟ್ ಫ್ಯಾನ್ ಹಾಕಿದರೂ ಸೆಕೆ ಯಾಕೆ?

ತೊಂದರೆ ಫ್ಯಾನಿನದ್ದಲ್ಲ, ಇಲ್ಲಿನ ಹವೆಯದ್ದು. ಏರ್‌ಪೋರ್ಟ್ ಲೌಂಜಿನ ಹೊರಾಂಗಣದಲ್ಲಿ ಕಂಡ, ನೀರಿನ ಸಣ್ಣ ಹನಿ ಚಿಮ್ಮಿಸುವ ಮಿಸ್ಟ್ ಫ್ಯಾನನ್ನೇ ಕಾಸರಗೋಡು ಕರಾವಳಿಯ ಉಪ್ಪಳದ ನಿಮ್ಮ ಹೋಟೆಲಿನೆದುರು ಹಾಕಿದ್ದೀರಿ; ಸೆಕೆ ಹೋಗಲಿಲ್ಲ, ಮೇಜೆಲ್ಲ ಒದ್ದೆ ಅಂತೀರಿ. ಹನಿ ಆವಿಯಾದರೆ ತಾನೇ ತಂಪು? ರಿಯಾದ್‌ನಂಥ ಒಣ ಊರಲ್ಲಿ ಅದು ಗಾಳಿಯಲ್ಲೇ ಆರಿಹೋಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಹನಿ ಮೆನು ಕಾರ್ಡಿನ ಮೇಲೆ ಹಾಗೇ ಕೂರುತ್ತದೆ.

ಮೊದಲು ನೀರು ಬಂದ್ ಮಾಡಿ ಬರೀ ಫ್ಯಾನ್ ಓಡಿಸಿ. ಬೆವರು ಆರಿದರೆ ಅರ್ಧ ಕೆಲಸ ಆದಂತೆ.

ಆಮೇಲೆ ಚಾವಣಿಯ ವಿಷಯ. ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಕೆಳಗೆ ನಿಂತು ನೋಡಿ, ನೆತ್ತಿ ಸುಟ್ಟರೆ ದೋಷ ಶೀಟಿನದ್ದೂ ಹೌದು. ಅದರಡಿಗೆ ಒಂದು ಗೇಣು ಜಾಗ ಬಿಟ್ಟು ಹೆಣೆದ ತೆಂಗಿನ ಮಡಲು (ಗರಿ) ಕಟ್ಟಿಸಿ, ನಡುವೆ ಗಾಳಿ ಆಡಬೇಕು. (ಒಲೆ ಹತ್ತಿರವಿದ್ದರೆ ಮಡಲು ಬೇಡವೇ ಬೇಡ, ಬೆಂಕಿಯ ಭಯ.)

ಪಡುಬದಿಗೆ ಟಾರ್ಪಾಲ್ ಇದ್ದರೆ ಬಿಚ್ಚಿ. ಮಧ್ಯಾಹ್ನದ ಕಡಲಗಾಳಿ ಬರುವುದೇ ಅಲ್ಲಿಂದ. ಸಂಜೆ ಬಿಸಿಲು ಕಣ್ಣಿಗೆ ಹೊಡೆದರೆ ಬಿದಿರಿನ ತಟ್ಟಿ ಅರ್ಧಕ್ಕೆ ಇಳಿಬಿಡಿ. ಮಿಸ್ಟ್ ಪೈಪನ್ನು ಈಗಲೇ ಮಾರಬೇಡಿ, ಜನವರಿಯ ಒಣ ಮಧ್ಯಾಹ್ನ ಸ್ವಲ್ಪ ಉಪಯೋಗಕ್ಕೆ ಬಂದೀತು, ಖಾತ್ರಿ ಹೇಳಲಾರೆ.