ಒಮ್ಮೆಯೂ ಮಂತ್ರಿಯಾಗದ ಶಾಂತವೇರಿ ಗೋಪಾಲಗೌಡರನ್ನು ಶಿವಮೊಗ್ಗದವರು ಇಷ್ಟೊಂದು ನೆನೆಯುವುದೇಕೆ?

ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟೂ ಇದೆ ಅನ್ನಿಸಿತು. ಮೂರು ಸಲ ಶಾಸಕ, ಮೂರು ಸಲವೂ ವಿರೋಧ ಪಕ್ಷ, ಕಟ್ಟಿಸಿದ ಡ್ಯಾಮಿಲ್ಲ, ತಂದ ಕಾರ್ಖಾನೆಯಿಲ್ಲ, ಮತ್ತೆಂತಕ್ಕೆ ಹೊಗಳಿಕೆ ಎಂದು ಕೇಳಿದ್ದೀರಿ. ನಾನು ಹೊಸನಗರ ತಾಲೂಕಿನವನು, ನಮ್ಮಜ್ಜ ಗೇಣಿಗೆ, ಅಂದರೆ ಒಡೆಯನಿಗೆ ಭತ್ತ ಅಳೆದುಕೊಡುವ ಕರಾರಿನ ಮೇಲೆ, ಬೇರೆಯವರ ಗದ್ದೆ ಮಾಡುತ್ತಿದ್ದವನು. ಆದ್ದರಿಂದ ನನ್ನ ಉತ್ತರದಲ್ಲಿ ಪಕ್ಷಪಾತ ಇದ್ದೇ ಇರುತ್ತದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಾಗೋಡಿನಿಂದ ಶುರುಮಾಡದೆ ಗೌಡರ ಕಥೆ ಅರ್ಥವಾಗುವುದಿಲ್ಲ. ಗೇಣಿ ಭತ್ತ ಅಳೆಯುವ ದಿನ ಜಮೀನಿನ ಒಡೆಯರ ಅಂಗಳದಲ್ಲಿ ಕೊಳಗ, ಅಂದರೆ ಭತ್ತ ಅಳೆಯುವ ಪಾತ್ರೆ, ಇದ್ದಕ್ಕಿದ್ದಂತೆ ದೊಡ್ಡದಾಗಿಬಿಡುತ್ತಿತ್ತು. ಬಾಯಲ್ಲಿ ಎಣಿಸುವ ಲೆಕ್ಕ ಅದೇ, ಒಕ್ಕಲಿನ ಮನೆಯಿಂದ ಹೋಗುವ ಭತ್ತ ಮಾತ್ರ ಹೆಚ್ಚು. ಮಳೆಗಾಲದ ಅಕ್ಕಿ ಹೋಗುತ್ತಿದ್ದದ್ದು ಆ ಹೆಚ್ಚಿನ ಅಳತೆಯಲ್ಲೇ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನ ದೀವರ ಸಮುದಾಯದ ಒಕ್ಕಲುಗಳು ಇದನ್ನು ಎದುರಿಸಿ ಸತ್ಯಾಗ್ರಹಕ್ಕೆ ಇಳಿದರು. ರೈತರನ್ನು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ತೀರ್ಥಹಳ್ಳಿ ತಾಲೂಕಿನ ಆರಗದ ಗೋಪಾಲಗೌಡರಿಗೆ ಆಗ 28 ವರ್ಷ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ನೋಡಿಬಂದಿದ್ದವರು, ಈ ಹೋರಾಟದಲ್ಲಿ ಮುಂದೆ ನಿಂತರು.

ಮರುವರ್ಷವೇ ಮೊದಲ ವಿಧಾನಸಭಾ ಚುನಾವಣೆ. ಸಾಗರ-ಹೊಸನಗರದಿಂದ ಗೌಡರು ಗೆದ್ದರು. ಆಗಿನ ಮೈಸೂರು ರಾಜ್ಯದ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿಗೆ ಹೋದ ಕಾಲದಲ್ಲಿ ಸಮಾಜವಾದಿಯೊಬ್ಬ ಗೆದ್ದದ್ದು ಅದು. ಅವರ ಚುನಾವಣೆಗಳ ಘೋಷಣೆ ನಮ್ಮ ಕಡೆ ಮಕ್ಕಳಿಗೂ ಗೊತ್ತು: ‘ಒಂದು ವೋಟು, ಒಂದು ನೋಟು’. ನೋಟು ಕೊಡಬೇಕಾದದ್ದು ಮತದಾರ! ಅಜ್ಜ ಇದನ್ನು ಹೇಳುವಾಗೆಲ್ಲ ನಗುತ್ತಿದ್ದ. “ವೋಟೂ ಹಾಕಿ ದುಡ್ಡೂ ಕೊಟ್ವಿ ಮಾರಾಯ, ಈಗಿನೋರು ಕೇಳಿದ್ರೆ ಮಂಗ ಅಂತಾರೆ.” (ಇಂದು ವಿಧಾನಸಭೆಯ ಅಭ್ಯರ್ಥಿ ಕಾನೂನುಬದ್ಧವಾಗಿಯೇ 40 ಲಕ್ಷದವರೆಗೆ ಖರ್ಚು ಮಾಡಬಹುದು. ಕಾನೂನಿನ ಲೆಕ್ಕಕ್ಕೆ ಸಿಗದ ಖರ್ಚಿನ ಮಾತು ಬೇಡ ಬಿಡಿ.)

ಗೌಡರ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕಿಸೆಯಲ್ಲಿ ಕಾಸಿರಲಿಲ್ಲ, ಬೆಂಗಳೂರಿನಲ್ಲಿ ಸೈಟು ಕೊಟ್ಟರೆ ಬೇಡ ಅಂದರು ಎನ್ನುವ ಕಥೆಗಳನ್ನು ಹೇಳಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಸೈಟು ಬೇಡ ಅಂದವರೆಂದು ಕೊಂಡಾಡುವ ಮನುಷ್ಯನ ಹೆಸರನ್ನೇ ಶಿವಮೊಗ್ಗದಲ್ಲಿ ಒಂದು ಬಡಾವಣೆಗೆ ಇಟ್ಟಿದ್ದೇವೆ, ಅದು ಬೇರೆ ಮಾತು. ನನಗೆ ಈ ಬಡತನದ ಪೂಜೆ ಅಷ್ಟು ಹಿಡಿಸುವುದಿಲ್ಲ. ಕೈ ಶುದ್ಧವಾಗಿಟ್ಟುಕೊಂಡು ಸುಮ್ಮನೆ ಕೂತು ಎದ್ದುಬಂದ ಶಾಸಕರೂ ಇದ್ದಾರೆ, ಅವರನ್ನು ಯಾರೂ ನೆನೆಯುವುದಿಲ್ಲ.

ಗೌಡರು ಸುಮ್ಮನೆ ಕೂರುವ ಪೈಕಿ ಅಲ್ಲ. ಗೇಣಿ, ಭೂಮಿ, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವನ್ನೇ ಹಿಡಿದು ಜಗ್ಗಿದವರು. ವಿರೋಧ ಪಕ್ಷದ ಶಾಸಕನ ಕೈಯಲ್ಲಿ ಇರುವುದೇ ಪ್ರಶ್ನೆ, ತಿದ್ದುಪಡಿ, ಬಜೆಟ್ ಮೇಲಿನ ಮಾತು. ಮತಕ್ಕೆ ಹಾಕಿದರೆ ಸೋಲು ಗ್ಯಾರಂಟಿ. ಆದರೂ ಆಡಿದ್ದು ಕಡತಕ್ಕೆ ಹೋಗುತ್ತದೆ, ಆಳುವ ಪಕ್ಷದ ಬೆಂಚಿನಲ್ಲಿ ಕೂತವರ ಕಿವಿಗೂ ಬೀಳುತ್ತದೆ. ಹಾಗೆ ಆ ಬೆಂಚಿನಲ್ಲಿ ಇದ್ದವರಲ್ಲಿ 1952ರಲ್ಲೇ ಹುಣಸೂರಿನಿಂದ ಗೆದ್ದುಬಂದ ದೇವರಾಜ ಅರಸರೂ ಒಬ್ಬರು.

ನಡುವೆ ಒಂದು ವಿಪರ್ಯಾಸ ನಡೆಯಿತು. 1957ರಲ್ಲಿ ಗೌಡರು ಸೋತರು. ಹೌದು, ನೋಟು ಕೊಟ್ಟು ಗೆಲ್ಲಿಸುವ ಜನವೇ ಸೋಲಿಸಿದ್ದು ಕೂಡ. 1961ರ ಭೂಸುಧಾರಣಾ ಕಾಯ್ದೆ ಸದನದಲ್ಲಿ ಚರ್ಚೆಯಾಗುವಾಗ, ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡಬೇಕಿದ್ದ ಮನುಷ್ಯ ಒಳಗೆ ಇರಲೇ ಇಲ್ಲ. ಆ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್‌ನಲ್ಲಿ, ಅದೂ ಒಡೆಯರಿಗೆ ದಾರಿ ಹುಡುಕಿಕೊಳ್ಳಲು ಬೇಕಾದಷ್ಟು ಸಂದು ಬಿಟ್ಟು. ಗೌಡರು 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಅಷ್ಟರಲ್ಲಿ ಜಿಲ್ಲೆಯಲ್ಲಿ ಅವರ ಪಕ್ಷದ ಒಂದು ದಂಡೇ ಬೆಳೆದಿತ್ತು: ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು, ಸೊರಬದ ಬಂಗಾರಪ್ಪ. ಇಬ್ಬರೂ ಮುಂದೆ ಬೇರೆ ಬೇರೆ ಪಕ್ಷಗಳಿಂದ ಮುಖ್ಯಮಂತ್ರಿಗಳಾದರು.

ಗೌಡರ ಆರೋಗ್ಯ ಕೈಕೊಟ್ಟಿತು. 1972ರ ಮಾರ್ಚ್‌ನಲ್ಲಿ ಅರಸರು ಮುಖ್ಯಮಂತ್ರಿಯಾದರು. ಜೂನ್ 9ರಂದು ಗೌಡರು ತೀರಿಕೊಂಡರು, 49ನೇ ವಯಸ್ಸಿಗೆ. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದು, ಉಳುವವನು ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದು ಕಾನೂನಾಯಿತು. ಇದರ ಶ್ರೇಯಸ್ಸು ಅರಸರಿಗೇ ಸಲ್ಲಬೇಕು, ತಮ್ಮದೇ ಪಕ್ಷದ ಜಮೀನ್ದಾರರನ್ನು ಎದುರು ಹಾಕಿಕೊಂಡು ಮಾಡಿದ್ದು ಅವರು. ಆದರೆ ಅಷ್ಟು ಹೊತ್ತಿಗೆ ಮಲೆನಾಡಿನಲ್ಲಿ ‘ಉಳುವವನೇ ಹೊಲದೊಡೆಯ’ ಎನ್ನುವುದು ಹೊಸ ಮಾತಾಗಿ ಉಳಿದಿರಲಿಲ್ಲ. ಇಪ್ಪತ್ತು ವರ್ಷ ಕೇಳಿ ಕೇಳಿ ರೂಢಿಯಾಗಿತ್ತು.

ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮೂರಿನ ಎಷ್ಟೋ ಮನೆಗಳಿಗೆ ಆ ಕಾನೂನಿನಿಂದ ಏನೂ ಸಿಗಲಿಲ್ಲ. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅಜ್ಜನಿಗೆ ಸಿಕ್ಕಿತು. ಉಳುವವನು ಜಮೀನಿಗೆ ಹಾಕಬೇಕಿದ್ದ ಅರ್ಜಿ, ಫಾರಂ ನಂಬರ್ ಏಳು, ತುಂಬಿಸಿಕೊಂಡು ಡಿಕ್ಲರೇಷನ್ ಕೊಡಲು ಹೊಸನಗರಕ್ಕೆ ನಡೆದೇ ಹೋದನಂತೆ. ಹಿಂದಿನ ರಾತ್ರಿ ಅಜ್ಜಿ ಹೆದರಿ, ಒಡೆಯರಿಗೆ ಗೊತ್ತಾದರೆ ಏನು ಗತಿ ಎಂದು ಅತ್ತಿದ್ದಳು. ಅವನು ಹೆದರಲಿಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ.

“ಹೆದ್ರಿಕೆ ಆಗ್ದೆ ಎಂತ. ಆದ್ರೆ ಅದು ನಮ್ದು ಅಂತ ಗೋಪಾಲಗೌಡ್ರು ಯಾವಾಗ್ಲೋ ಹೇಳಿದ್ರಲ” ಅಂದ.