ಬರ ಪರಿಹಾರ ಮತ್ತು ಪಹಣಿಯಲ್ಲಿಲ್ಲದ ಹೆಸರು

ಪ್ರಶ್ನೆ: ನನ್ನ ಯಜಮಾನರು ಕಟ್ಟಡ ಕೆಲಸಕ್ಕೆಂದು ಬೆಂಗಳೂರು ಸೇರಿ ಆರು ವರ್ಷವಾಯಿತು. ಊರಿನ ಮೂರು ಎಕರೆ ಮಳೆಯಾಶ್ರಿತ ಹೊಲವನ್ನು ನಾನೇ ನೋಡಿಕೊಳ್ಳುತ್ತೇನೆ. ಪಹಣಿ ಮಾತ್ರ ತೀರಿಹೋದ ಮಾವನವರ ಹೆಸರಿನಲ್ಲಿಯೇ ಇದೆ. 2023ರಲ್ಲಿ ಸಜ್ಜೆ, ತೊಗರಿ ಎರಡೂ ಒಣಗಿದವು, ಪರಿಹಾರ ಬರಲಿಲ್ಲ. ಹವಾಮಾನ ನೀತಿಯಲ್ಲಿ ಮಹಿಳೆಯರಿಗೆ ಆದ್ಯತೆ ಇದೆ ಎಂದು ಓದುತ್ತಿರುತ್ತೇನೆ. ಅದು ನನ್ನಂಥವರನ್ನು ಏಕೆ ಮುಟ್ಟುವುದಿಲ್ಲ?
— ರೈತ ಮಹಿಳೆ, ಕುಷ್ಟಗಿ ತಾಲ್ಲೂಕು

ಉತ್ತರ: ಆದ್ಯತೆ ಇರುವುದು ನಿಜ, ಆದರೆ ಅದು ಮುನ್ನುಡಿಯಲ್ಲಿದೆ. 2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿಯು ಹವಾಮಾನ ಹೊಂದಾಣಿಕೆಯ ಕೆಲಸಗಳು ಲಿಂಗ ಸಂವೇದಿಯಾಗಿರಬೇಕು ಎನ್ನುತ್ತದೆ. ಹವಾಮಾನ ಬದಲಾವಣೆ ಕುರಿತ 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಬರ, ನೀರಿನ ಕೊರತೆಗಳ ಹೊರೆ ಮಹಿಳೆಯರ ಮೇಲೆ ಹೆಚ್ಚು ಬೀಳುತ್ತದೆ ಎಂದು ಒಪ್ಪಿಕೊಂಡಿದೆ. ಹಣ ಹಂಚುವ ಹೊತ್ತಿಗೆ ಮಾತ್ರ ಕಚೇರಿ ತೆರೆದು ನೋಡುವುದು ಈ ಯಾವ ದಾಖಲೆಯನ್ನೂ ಅಲ್ಲ, ಪಹಣಿಯನ್ನು.

ನೀವು ಹೇಳುವ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ ಎರಡು ಹೆಕ್ಟೇರಿಗೆ ಎಂಬುದು ಆಗ ಕೇಂದ್ರದ ಮಾನದಂಡವಾಗಿತ್ತು. ಆ ಹಣ ಜಮೀನಿನ ಸರ್ವೆ ನಂಬರು, ಮಾಲೀಕರ ಆಧಾರ್ ಮತ್ತು ಬ್ಯಾಂಕ್ ಖಾತೆಗಳನ್ನು ಬೆಸೆದಿರುವ ‘ಫ್ರೂಟ್ಸ್’ ದತ್ತಾಂಶದ ಮೂಲಕ ನೇರವಾಗಿ ಜಮೆಯಾಗುತ್ತದೆ. ಮಧ್ಯವರ್ತಿಗಳನ್ನು ದೂರವಿಟ್ಟ ಒಳ್ಳೆಯ ವ್ಯವಸ್ಥೆ ಅದು, ಅನುಮಾನವಿಲ್ಲ. ಆದರೆ ತೀರಿಹೋದವರಿಗೆ ಖಾತೆಯಿಲ್ಲ, ಉತ್ತಿ ಬಿತ್ತಿದ ನಿಮಗೆ ಪಹಣಿಯಿಲ್ಲ. ಆದ್ದರಿಂದ ನಿಮ್ಮ ಮೂರು ಎಕರೆಯ ನಷ್ಟ ಸರ್ಕಾರದ ಲೆಕ್ಕದಲ್ಲಿ ಯಾರ ನಷ್ಟವೂ ಅಲ್ಲ.

ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ವಿಚಾರಿಸಬಹುದು. ಆದರೆ ಒಂದು ಮಾತನ್ನು ಮುಚ್ಚಿಡಲಾರೆ: ಪತಿ ಬದುಕಿರುವಾಗ ಸೊಸೆ ಮಾವನ ವಾರಸುದಾರಳಲ್ಲ. ಖಾತೆ ಬದಲಾದರೂ ಅದರಲ್ಲಿ ಬರುವುದು ನಿಮ್ಮ ಅತ್ತೆಯ, ಪತಿಯ ಮತ್ತು ಅವರ ಒಡಹುಟ್ಟಿದವರ ಹೆಸರು. ಬಳಿಕ ನಿಮ್ಮ ಪತಿ ತಮ್ಮ ಪಾಲಿನಲ್ಲಿ ಒಂದಿಷ್ಟನ್ನು ನೋಂದಾಯಿತ ದಾನಪತ್ರದ ಮೂಲಕ ನಿಮಗೆ ಬರೆದುಕೊಟ್ಟರೆ ಮಾತ್ರ ನಿಮ್ಮ ಹೆಸರಿಗೆ ಜಾಗ ಸಿಗುತ್ತದೆ. ಕರ್ನಾಟಕವು 1994ರಲ್ಲಿಯೇ, ಅಂದರೆ ಕೇಂದ್ರದ ತಿದ್ದುಪಡಿಗಿಂತ ಹನ್ನೊಂದು ವರ್ಷ ಮೊದಲೇ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ರಾಜ್ಯ. ಆ ಪಾಲು ಸಿಗುವುದು ತವರಿನಲ್ಲಿ, ಹೆಣ್ಣುಮಗಳು ದುಡಿಯುವುದು ಗಂಡನ ಮನೆಯ ಹೊಲದಲ್ಲಿ. ತವರಿನ ಪಾಲು ಕೇಳಿದವಳನ್ನು ಊರು ಹೇಗೆ ನೋಡುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರದೆಂದು ದಾಖಲಾಗಿರುವುದು ಶೇ 14ರಷ್ಟು ಮಾತ್ರ.

ಹಾಗಾದರೆ ಆಸ್ತಿ ಹಕ್ಕು ಸರಿಹೋಗುವವರೆಗೆ ಬರ ಪರಿಹಾರ ಕಾಯಬೇಕೆ? ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಪಹಣಿಯ 9ನೇ ಕಾಲಂ ಮಾಲೀಕರದಾದರೆ 12ನೆಯದು ಸಾಗುವಳಿಯದು. ಉಳುವವರು ಯಾರು ಎಂದು ಕೇಳುವ ಜಾಗ ಎಂದಿನಿಂದಲೂ ಇದೆ; ಬಹುತೇಕ ಪಹಣಿಗಳಲ್ಲಿ ಅಲ್ಲಿಯೂ ಮಾಲೀಕರ ಹೆಸರನ್ನೇ ಬರೆದು ಪಕ್ಕದಲ್ಲಿ ‘ಸ್ವಂತ’ ಎಂದು ತುಂಬಿಬಿಡುತ್ತಾರೆ. ಪ್ರತಿ ಹಂಗಾಮಿನಲ್ಲಿ ಮೊಬೈಲ್ ಹಿಡಿದು ಹೊಲಕ್ಕೆ ಬರುವ ಬೆಳೆ ಸಮೀಕ್ಷೆಯವರು ಬೆಳೆಯ ಫೋಟೊ ತೆಗೆಯುವಾಗಲೇ ಸಾಗುವಳಿ ಮಾಡುವವರ ಹೆಸರನ್ನೂ ಬರೆದುಕೊಂಡು, ನಷ್ಟ ಪರಿಹಾರದ ಮಟ್ಟಿಗೆ ಅದನ್ನೇ ಆಧಾರವಾಗಿ ಒಪ್ಪಿದರೆ ಹೊಸ ಇಲಾಖೆಯಾಗಲಿ ಹೊಸ ಯೋಜನೆಯಾಗಲಿ ಬೇಕಾಗುವುದಿಲ್ಲ. ಇದಕ್ಕೆ ಅಡ್ಡಿಯೊಂದಿದೆ: 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿರುವುದರಿಂದ, ಬೇರೆಯವರ ಹೆಸರು ಸಾಗುವಳಿಯ ಕಾಲಂಗೆ ಬಂದರೆ ಹೊಲ ಕೈತಪ್ಪೀತೆಂದು ಮಾಲೀಕರು ಅಂಜುತ್ತಾರೆ. ಸಂಘ ಕಟ್ಟಿಕೊಂಡು ಹೊಲವನ್ನು ಬಾಯಿಮಾತಿನ ಮೇಲೆ ಗೇಣಿಗೆ ಹಿಡಿದ ಮಹಿಳೆಯರೂ ಹೀಗಾಗಿಯೇ ಲೆಕ್ಕದಿಂದ ಹೊರಗುಳಿಯುತ್ತಾರೆ. ಸಾಗುವಳಿಯ ದಾಖಲೆ ಪರಿಹಾರಕ್ಕೆ ಮಾತ್ರ, ಅದರಿಂದ ಹಕ್ಕು ಹುಟ್ಟುವುದಿಲ್ಲ ಎಂದು ಸರ್ಕಾರ ಸ್ಪಷ್ಟವಾಗಿ ಆದೇಶಿಸಿದರೆ ಆ ಅಂಜಿಕೆ ಬಹುಮಟ್ಟಿಗೆ ಕಡಿಮೆಯಾದೀತು.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಅರ್ಧದಷ್ಟು ಮಹಿಳಾ ಸದಸ್ಯರಿದ್ದೇವೆ. ಹವಾಮಾನದ ವಿಷಯ ನಮ್ಮ ಕೈಗೆ ಮೀರಿದ್ದು ಎಂದು ಹಿರಿಯ ಸದಸ್ಯರು ಹೇಳುತ್ತಾರೆ. ಹೌದೇ?
— ಗ್ರಾಮ ಪಂಚಾಯಿತಿ ಸದಸ್ಯೆ, ಚಳ್ಳಕೆರೆ ತಾಲ್ಲೂಕು

ಉತ್ತರ: ಕೆರೆ ಹೂಳು, ಕುಡಿಯುವ ನೀರು, ಮೇವು, ಗೋಮಾಳ ಇವೆಲ್ಲ ನಿಮ್ಮ ಕೈಯಲ್ಲೇ ಇವೆ. ಇವನ್ನು ಬಿಟ್ಟು ಹಳ್ಳಿಗೆ ಬೇರೆ ಹವಾಮಾನ ನೀತಿ ಎಂಬುದಿಲ್ಲ. ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಒಂಬತ್ತು ವಿಷಯಗಳನ್ನು ಗೊತ್ತುಪಡಿಸಿದ್ದಾರೆ. ಸ್ವಚ್ಛ ಮತ್ತು ಹಸಿರು ಗ್ರಾಮ ಐದನೆಯದು, ಮಹಿಳಾ ಸ್ನೇಹಿ ಗ್ರಾಮ ಒಂಬತ್ತನೆಯದು. ಎಡವಟ್ಟು ಇಲ್ಲಿಯೇ ಆಗುತ್ತದೆ. ಐದರಲ್ಲಿ ಸಸಿ ನೆಡುತ್ತಾರೆ, ಒಂಬತ್ತರಲ್ಲಿ ಹೊಲಿಗೆ ಯಂತ್ರ ಕೊಡುತ್ತಾರೆ. ಕೊಳವೆಬಾವಿ ಬತ್ತಿದಾಗ ಬಿಂದಿಗೆ ಹೊತ್ತು ನಡೆಯುವವಳು ಎರಡರಲ್ಲೂ ಇರುವುದಿಲ್ಲ.

ಎರಡನ್ನೂ ಒಟ್ಟಿಗೆ ಹಿಡಿಯಲು ನಿಮ್ಮ ಬಳಿ ಒಂದು ಉಪಾಯವಿದೆ. ಜಲ ಜೀವನ್ ಮಿಷನ್ ಪ್ರಕಾರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ನೀರಿನ ಗುಣಮಟ್ಟ ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕು. ಆ ಐವರಿಂದಲೇ ಬೇಸಿಗೆಯ ಮೂರು ತಿಂಗಳು ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು, ತರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆಸಿಡಿ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಸೇರಿಸಿ. ಮೇಲಿನವರಿಗೆ ಭಾಷಣಕ್ಕಿಂತ ನಡಾವಳಿಯ ಭಯ ಹೆಚ್ಚು.

ಪ್ರಶ್ನೆ: ಬಿಸಿಲು ಎಲ್ಲರಿಗೂ ಒಂದೇ. ಅದರಲ್ಲಿ ಗಂಡು ಹೆಣ್ಣು ಎಂದು ಭೇದ ಎಣಿಸುವುದು ಅತಿಯಾಯಿತಲ್ಲವೇ?
— ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಬಿಸಿಲು ಒಂದೇ, ಗುರುಗಳೇ, ಅದರಲ್ಲಿ ನಿಲ್ಲುವ ಹೊತ್ತು ಒಂದೇ ಅಲ್ಲ. ನಿಮ್ಮ ಊರಿನ ಮಾರುಕಟ್ಟೆಯ ಬೀದಿಯಲ್ಲಿ ತರಕಾರಿ ಮಾರುವ ಹೆಂಗಸು ಹತ್ತಿರ ಶೌಚಾಲಯವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಅಲ್ಲಿಂದ ಹೋಗಿ ತಗಡಿನ ಸೂರಿನ ಕೆಳಗೆ ಒಲೆ ಹಚ್ಚುತ್ತಾಳೆ. ಗುಜರಾತಿನ ‘ಸೇವಾ’ ಸಂಘಟನೆ ಇಂಥ ಸ್ವಯಂ ಉದ್ಯೋಗಿ ಮಹಿಳೆಯರಿಗಾಗಿ 2023ರಲ್ಲಿ ಬಿಸಿಲಿನ ವಿಮೆ ಆರಂಭಿಸಿತು. ತಾಪಮಾನ ಗೊತ್ತುಪಡಿಸಿದ ಮಟ್ಟ ದಾಟಿದರೆ ಸಮೀಕ್ಷೆಯಾಗಲಿ ನಷ್ಟದ ಪುರಾವೆಯಾಗಲಿ ಇಲ್ಲದೆ ಹಣ ಖಾತೆಗೆ ಬರುವ ಏರ್ಪಾಡು ಅದು. ಕುಷ್ಟಗಿಯ ತಾಯಿ ಮೇಲೆ ಕೇಳಿರುವ ಪಹಣಿಯ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.